ಮಡಚಿದ ಅಲಗು ನಡುವೆಯೇ ಏಕೆ ನಿಲ್ಲಬೇಕು?

ಅಥಣಿ ತಾಲ್ಲೂಕಿನ ಐಗಳಿ, ತೆಲಸಂಗದ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ವರ್ಷಕ್ಕೆ ಎರಡು ಬಾರಿ ಚಾಟ್ನಿ ನಡೆಯುತ್ತದೆ. ಏಪ್ರಿಲ್ ಚಾಟ್ನಿ ಬಳ್ಳಿಯ ಬಲಕ್ಕೆ, ಅಕ್ಟೋಬರ್ ಚಾಟ್ನಿ ಫಲಕ್ಕೆ. ಎರಡಕ್ಕೂ ಕತ್ತರಿ ಸಾಕು. ಚಾಕು ಬೇಕಾಗುವುದು ಹೊಸ ತೋಟ ಎಬ್ಬಿಸುವಾಗ. ಮೊದಲು ಡಾಗ್‌ರಿಜ್ ಎಂಬ ಗಟ್ಟಿ ಬೇರಿನ ಜಾತಿಯನ್ನು ನೆಟ್ಟು ಬೆಳೆಸುತ್ತಾರೆ. ಅದು ನೆಲ ಹಿಡಿದ ಮೇಲೆ ಕಾಂಡವನ್ನು ಸೀಳಿ, ಬೇಕಾದ ತಳಿಯ ಕಡ್ಡಿಯನ್ನು ಬೆಣೆಯಂತೆ ಹೆರೆದು ಒಳಗೆ ಕೂಡಿಸಿ ಪಟ್ಟಿ ಸುತ್ತುತ್ತಾರೆ. ಹೆರೆದ ಮೈ ನುಣುಪಾಗಿದ್ದರೆ ಎರಡೂ ಬೆಸೆದುಕೊಳ್ಳುತ್ತವೆ. ಅಲಗು ಮೊಂಡಾಗಿ ನಾರು ಕಿತ್ತುಬಂದರೆ ಕಡ್ಡಿ ಒಣಗುತ್ತದೆ, ಆ ಗಿಡದ ಒಂದು ಹಂಗಾಮು ಹೋದಂತೆಯೇ.

ಈ ಕೆಲಸಕ್ಕೆ ಕೆಲವರು ಬರಿಯ ಬ್ಲೇಡನ್ನೇ ಬಳಸುತ್ತಾರೆ. ಉಳಿದವರ ಕಿಸೆಯಲ್ಲಿರುವುದು ಮಡಚುವ ಕಸಿ ಚಾಕು. ಬೆಳಿಗ್ಗೆ ಸಾಣೆ ಕೊಟ್ಟ ಚಾಕು ಹತ್ತು ಗಿಡಕ್ಕೇ ಮೊಂಡಾಯಿತೆಂದರೆ ಉಕ್ಕನ್ನು ಬೈಯುವುದು ರೂಢಿ. ಆದರೆ ದೋಷ ಎಷ್ಟೋ ಸಲ ಉಕ್ಕಿನದಲ್ಲ, ಕೀಲಿನದು. ಮಡಚುವಾಗ ಅಲಗು ಒಂದು ಪಕ್ಕಕ್ಕೆ ವಾಲಿ, ಹಿಡಿಯೊಳಗಿನ ಲೋಹದ ಪಟ್ಟಿಗೆ ಉಜ್ಜುತ್ತಾ ಒಳಗೆ ಹೋಗುತ್ತದೆ. ಸಾಣೆಗಲ್ಲು ಕೊಟ್ಟ ಹದವನ್ನು ಹಿಡಿಯೇ ಕಿತ್ತುಕೊಳ್ಳುತ್ತದೆ.

ಚಿಕ್ಕೋಡಿ, ರಾಯಬಾಗದ ಕಬ್ಬಿನ ಗದ್ದೆಯ ಕೊಯ್ತಾಕ್ಕೆ ಈ ತೊಂದರೆ ಇಲ್ಲ. ಅದಕ್ಕೆ ಕೀಲೇ ಇಲ್ಲ. ಆದರೆ ನಿಪ್ಪಾಣಿಯಲ್ಲಿ ಬೀಡಿ ಎಲೆ ಕತ್ತರಿಸುವ ಹೆಣ್ಣುಮಕ್ಕಳ ಕತ್ತರಿಗೆ ಕೀಲಿದೆ. ಎಲೆ ಅಡಿಕೆ ತಟ್ಟೆಯ ಅಡಕೊತ್ತಿಗೂ ಇದೆ. ಅಡಕೊತ್ತಿನ ಮೇಲಿನ ತೋಳಿನ ಅಲಗು ಕೆಳಗಿನ ತೋಳಿನ ನೇರಕ್ಕೇ ಇಳಿಯಬೇಕು. ಕೂದಲೆಳೆ ಆಚೀಚೆಯಾದರೆ ಅಡಿಕೆ ಹೋಳಾಗದೆ ಪುಡಿಯಾಗುತ್ತದೆ. ಹೀಗಾಗಿ ಅಲಗು ನಡುವಿನಲ್ಲಿರಬೇಕೆಂಬುದು ಪರದೇಶದ ಶೋಕಿಯೇನಲ್ಲ, ಅಜ್ಜಿಯರಿಗೂ ಗೊತ್ತಿದ್ದ ಮಾತು.

ಶೋಕಿಯ ಲೋಕವೂ ಒಂದಿದೆ. ಮಡಚುವ ಚಾಕು ಹಳೆಯದು: ಆಸ್ಟ್ರಿಯದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕಿದ್ದು ಸುಮಾರು 2,500 ವರ್ಷ ಹಿಂದಿನದು. ಅದು ರೈತನ, ಕುರಿಗಾಹಿಯ, ನಾವಿಕನ ಸಾಮಾನಾಗಿತ್ತು. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಮರದ ಹಿಡಿಯ ಚಾಕು ಇಂದಿಗೂ ಅಗ್ಗವಾಗಿಯೇ ಸಿಗುತ್ತದೆ. ಮಳೆಗಾಲದಲ್ಲಿ ಅದರ ಮರ ಉಬ್ಬಿ ಅಲಗು ಹೊರಬರಲು ಹಟ ಮಾಡುತ್ತದೆ. ಕೊಂಡವರು ಅದನ್ನು ದೋಷವೆಂದು ಎಣಿಸುವುದಿಲ್ಲ. ನಮ್ಮ ದೇಶದಲ್ಲಿ ಉತ್ತರ ಪ್ರದೇಶದ ರಾಂಪುರಿ ಚಾಕು 1960–70ರ ದಶಕದ ಹಿಂದಿ ಚಿತ್ರಗಳ ಖಳರ ಕೈಯಲ್ಲಿ ಹೆಸರು ಕೆಡಿಸಿಕೊಂಡಿತು. ಅದರ ಕುಶಲಕರ್ಮಿಗಳ ಹೊಟ್ಟೆಪಾಡನ್ನು ಕೇಳಿದವರು ಕಡಿಮೆ.

ಇನ್ನೊಂದು ತುದಿಯಲ್ಲಿರುವುದು ಅಮೆರಿಕದಲ್ಲಿ ತಯಾರಾಗುವ ಸೆಬೆಂಜಾ. ದಕ್ಷಿಣ ಆಫ್ರಿಕ ಮೂಲದ ಕ್ರಿಸ್ ರೀವ್ ಇದನ್ನು 1990ರ ದಶಕದ ಆರಂಭದಲ್ಲಿ ಹೊರತಂದರು. ಬೆಲೆ 400 ಡಾಲರಿಗೂ ಮೇಲೆ. ಜುಲು ಭಾಷೆಯಲ್ಲಿ ಸೆಬೆಂಜಾ ಎಂದರೆ ಕೆಲಸ. ಕೊಂಡವರಲ್ಲಿ ಅದರಿಂದ ಕೆಲಸ ಮಾಡುವವರೆಷ್ಟು ಜನ ಎಂಬುದು ಬೇರೆ ಮಾತು. ಇಂಥ ಚಾಕು ಕೊಂಡವನು ಮೊದಲು ಮಾಡುವ ಪರೀಕ್ಷೆಯೆಂದರೆ, ಮಡಚಿ, ಬೆನ್ನು ಕೆಳಗೆ ಮಾಡಿ ಬೆಳಕಿಗೆ ಹಿಡಿಯುವುದು. ಅಲಗಿನ ಎಡಕ್ಕೂ ಬಲಕ್ಕೂ ಬೆಳಕಿನ ಗೆರೆ ಸಮನಾಗಿ ಕಾಣಬೇಕು. ಒಂದು ಗೆರೆ ದಪ್ಪ, ಒಂದು ತೆಳುವಾದರೆ ಅವನ ಮುಖ ಸಪ್ಪಗಾಗುತ್ತದೆ.

ಅಷ್ಟು ಹಣ ಕೊಟ್ಟ ಮೇಲೂ ಅಲಗು ವಾಲುವುದೇಕೆ? ಒಂದು ಸರಳ ಲೆಕ್ಕ ನೋಡಬಹುದು. ಕೀಲಿನ ಎರಡೂ ಪಕ್ಕ ತೆಳು ವಾಷರ್ ಇರುತ್ತದೆ. ವಾಷರಿನ ಅಗಲ 10 ಮಿ.ಮೀ., ಕೀಲಿನಿಂದ ಅಲಗಿನ ತುದಿಗೆ 80 ಮಿ.ಮೀ. ಎಂದಿಟ್ಟುಕೊಳ್ಳಿ. ವಾಷರಿನ ಒಂದು ಅಂಚು ಇನ್ನೊಂದಕ್ಕಿಂತ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಸವೆದಿದ್ದರೆ ತುದಿಯಲ್ಲಿ ಅದು ಎಂಟು ಪಟ್ಟಾಗಿ 0.8 ಮಿ.ಮೀ. ಆಗುತ್ತದೆ. ವಾಷರಿನ ದಪ್ಪ ಅರ್ಧ ಮಿ.ಮೀ. ಆದರೆ ಅಲಗಿನ ಮೈಗೂ ಹಿಡಿಯ ಗೋಡೆಗೂ ನಡುವೆ ಇರುವ ಜಾಗವೂ ಅಷ್ಟೇ. ಕೀಲಿನ ಬಳಿ ಕಣ್ಣಿಗೆ ಕಾಣದ ತಪ್ಪು ತುದಿಯಲ್ಲಿ ಗೋಡೆಗೆ ತಾಗುತ್ತದೆ.

ಬೇರೆ ಕಾರಣಗಳೂ ಇವೆ. ಕಾಯಿಸಿದ ಉಕ್ಕನ್ನು ಎಣ್ಣೆಗೋ ನೀರಿಗೋ ಅದ್ದಿದಾಗ ಎರಡು ಮಗ್ಗುಲೂ ಸಮನಾಗಿ ತಣಿಯದಿದ್ದರೆ ಅಲಗು ಸೊಟ್ಟಾಗುತ್ತದೆ. ಯಾವ ಕಂಬಾರನನ್ನು ಕೇಳಿದರೂ ಇದನ್ನು ಹೇಳುತ್ತಾನೆ. ಆ ಅಲಗಿನ ಕೀಲನ್ನು ಎಷ್ಟು ತಿರುಗಿಸಿದರೂ ಫಲವಿಲ್ಲ. ಇನ್ನೊಂದು ಸೂಕ್ಷ್ಮ ಬೀಗದ್ದು. 1980ರ ದಶಕದ ಆರಂಭದಲ್ಲಿ ಅಮೆರಿಕದ ಮೈಕೆಲ್ ವಾಕರ್ ರೂಪಿಸಿದ ಬೀಗದಲ್ಲಿ ಹಿಡಿಯ ಒಳಪಟ್ಟಿಯೇ ಸ್ಪ್ರಿಂಗಿನಂತೆ ಬಾಗಿ, ಬಿಚ್ಚಿದ ಅಲಗಿನ ಹಿಂದೆ ನಿಲ್ಲುತ್ತದೆ. ಮಡಚಿದಾಗ ಅದೇ ಪಟ್ಟಿ ಒಂದು ಸಣ್ಣ ಗುಂಡಿನ ಮೂಲಕ ಅಲಗನ್ನು ಒಂದೇ ಪಕ್ಕದಿಂದ ಒತ್ತುತ್ತಿರುತ್ತದೆ. ಎಲ್ಲ ಸರಿಯಾಗಿ ಮಾಡಿದರೂ ಈ ಒತ್ತಡವನ್ನು ಕೀಲು ತಡೆದುಕೊಳ್ಳಬೇಕು. ಸ್ಕ್ರೂ ಬಿಗಿ ಮಾಡಿದರೆ ಅಲಗು ನಡುವಿಗೆ ಬರಬಹುದು. ಆದರೆ ಬಿಚ್ಚಲು ಉಗುರೇ ಕಿತ್ತುಹೋಗಬೇಕು. ಸಡಿಲಿಸಿದರೆ ಸಲೀಸಾಗಿ ಬಿಚ್ಚುತ್ತದೆ, ಆದರೆ ಬಿಚ್ಚಿದ ಅಲಗು ಅಲುಗಾಡುತ್ತದೆ. ಇವೆರಡರ ನಡುವಿನ ಹದ ಸಿಗುವುದೇ ಕಷ್ಟ. ಬೆಲೆಯ ದೊಡ್ಡ ಪಾಲು ಈ ಹದಕ್ಕೇ ಹೋಗುತ್ತದೆ.

ಒಂದು ಸ್ವಾರಸ್ಯವನ್ನೂ ಇಲ್ಲಿ ಹೇಳಬೇಕು. ಒಂದೇ ಸ್ಪ್ರಿಂಗನ್ನು ಹಂಚಿಕೊಳ್ಳುವ ಎರಡು ಅಲಗಿನ ಹಳೆಯ ಕಾಲದ ಚಾಕುಗಳಲ್ಲಿ ಅಲಗುಗಳನ್ನು ಬೇಕೆಂದೇ ತುಸು ಬಾಗಿಸುತ್ತಾರೆ, ಒಂದು ಇನ್ನೊಂದಕ್ಕೆ ತಾಗದೆ ಪಕ್ಕದಿಂದ ಜಾರಿಹೋಗಲಿ ಎಂದು. ಅಲ್ಲಿ ಸೊಟ್ಟವೇ ಕುಶಲತೆ. ಅಲಗು ನಡುವಿನಲ್ಲಿರಬೇಕೆಂಬ ನಿಯಮವನ್ನು ಹಿಡಿದು ಆ ಚಾಕುವನ್ನು ಹಳಿಯುವವನಿಗೆ ಚಾಕು ತಿಳಿದಿಲ್ಲ ಎನ್ನಬೇಕಾಗುತ್ತದೆ.

ಹಾಗಾದರೆ ಕೊಳ್ಳುವವನು ಏನನ್ನು ಕೇಳಬಹುದು? ಬಿಚ್ಚಿದಾಗ ಅಲಗು ಅಲುಗಬಾರದು, ಬೀಗ ಜಾರಬಾರದು. ಇವು ಬೆರಳಿನ ಪ್ರಶ್ನೆ. ಐವತ್ತು ರೂಪಾಯಿ ಚಾಕುವಿನಲ್ಲೂ ರಿಯಾಯಿತಿ ಸಲ್ಲದು. ಮಡಚುವಾಗ ಅಲಗು ಉಜ್ಜಿದರೆ ಅದು ದೋಷವೇ, ವಾಪಸು ಕೊಡಬೇಕಾದ್ದು. ಉಜ್ಜದೆ ತುಸು ವಾಲಿದ್ದರೆ ಅದು ಅಂದದ ಪ್ರಶ್ನೆ ಮಾತ್ರ. ಆದರೆ ಸಾವಿರಾರು ರೂಪಾಯಿ ತೆತ್ತವನು ಅಂದಕ್ಕೂ ಹಣ ಕೊಟ್ಟಿದ್ದಾನೆ. ಅವನ ದೂರನ್ನು ಬರೀ ಹಟವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಯಂತ್ರದಲ್ಲಿ ಕೊರೆದ ದುಬಾರಿ ಚಾಕುವಿಗೆ ಹಾಕುವ ಅಳತೆಗೋಲನ್ನು ಸಂತೆಯ ಕಂಬಾರನ ಕೆಲಸಕ್ಕೂ ಹಾಕಿದರೆ ಮಾತ್ರ ಅನ್ಯಾಯವಾಗುತ್ತದೆ.

ಈ ಜಗಳ ಅಥಣಿಗೆ ಹೊಸದಲ್ಲ. ಇಲ್ಲಿ ಕೈಯಲ್ಲೇ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕರ್ನಾಟಕದ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿಯೂ ಸೇರಿದೆ. 2025ರ ಜೂನ್‌ನಲ್ಲಿ ಪ್ರಾಡಾ ಕಂಪೆನಿ ಮಿಲಾನ್‌ನಲ್ಲಿ ಅದೇ ಬಗೆಯ ಚಪ್ಪಲಿ ತೋರಿಸಿ, ಮೂಲ ಹೇಳಲಿಲ್ಲವೆಂದು ಟೀಕೆಗೆ ಗುರಿಯಾಯಿತು. ಎಡಗಾಲಿನ ಚಪ್ಪಲಿಯ ಹೆಣಿಗೆ ಬಲಗಾಲಿನದಕ್ಕೆ ಎಳೆಎಳೆಯೂ ಹೊಂದದಿದ್ದರೆ ಸಂತೆಯಲ್ಲಿ ಅದು ಕೈಕೆಲಸದ ಗುರುತು, ದೊಡ್ಡ ಅಂಗಡಿಯಲ್ಲಿ ಅದೇ ತಿರಸ್ಕಾರಕ್ಕೆ ಕಾರಣ. ಎಷ್ಟು ಹೆಚ್ಚುಕಡಿಮೆ ಒಪ್ಪಬಹುದು ಎಂಬುದನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ನಷ್ಟ ಬೀಳುವುದು ಮಾಡಿದವನ ತಲೆಯ ಮೇಲೆ.

ಸ್ಕ್ರೂ ಇಲ್ಲದ, ಮೊಳೆ ಬಡಿದ ಚಾಕುವನ್ನು ಸರಿಪಡಿಸುವ ಉಪಾಯವೂ ಇದೆ. ಹಳೆಯ ಮೊಳೆ ತೆಗೆದು, ಕೀಲಿನ ಎರಡೂ ಪಕ್ಕ ತೆಳುವಾದ ಕಾಗದದ ಚೂರು ಇಟ್ಟು ಹೊಸ ಮೊಳೆ ಬಡಿಯುತ್ತಾರೆ. ಕೆಲವೇ ಪೆಟ್ಟಿಗೊಮ್ಮೆ ಅಲಗು ಮಡಚಿ ನೋಡಿ, ವಾಲಿದ ಕಡೆಯನ್ನು ಗಮನಿಸಿ ಮತ್ತೆ ಬಡಿಯುತ್ತಾರೆ. ಕೊನೆಗೆ ಕಾಗದವನ್ನು ಎಳೆದು ತೆಗೆದರೆ ಅದರ ದಪ್ಪದಷ್ಟೇ ಜಾಗ ಉಳಿಯುತ್ತದೆ. ಅದರಲ್ಲಿ ಒಂದು ಹನಿ ಎಣ್ಣೆ ಬಿಡುತ್ತಾರೆ.