ಶುಕ್ರಗ್ರಸ್ತ ಸೂರ್ಯಗ್ರಹಣ

ದೂರದ ನಕ್ಷತ್ರವನ್ನು ಸುತ್ತುವ ಗ್ರಹ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ; ನಕ್ಷತ್ರದ ಪ್ರಭೆಯಲ್ಲಿ ಮುಳುಗಿಹೋಗಿರುತ್ತದೆ. ಅದರ ಹಾದಿ ನಮಗೂ ನಕ್ಷತ್ರಕ್ಕೂ ನಡುವೆ ಬಿದ್ದರೆ ಮಾತ್ರ, ಅಡ್ಡ ಬಂದಷ್ಟು ಹೊತ್ತು ಬೆಳಕು ತುಸು ಇಳಿದು ಮತ್ತೆ ಮೊದಲಿನಂತಾಗುತ್ತದೆ. ಸೂರ್ಯನಂಥ ನಕ್ಷತ್ರದ ಮುಂದೆ ಗುರುವಿನಷ್ಟು ದೊಡ್ಡ ಗ್ರಹ ಹಾದರೆ ಇಳಿತ ನೂರರಲ್ಲೊಂದು ಪಾಲು. ಭೂಮಿಯಷ್ಟು ಚಿಕ್ಕದಾದರೆ ಸುಮಾರು ಹನ್ನೆರಡು ಸಾವಿರದಲ್ಲೊಂದು. ಇಳಿತದ ಆಳ ಗ್ರಹದ ಗಾತ್ರವನ್ನೂ, ಅದು ಮರುಕಳಿಸುವ ಅವಧಿ ಗ್ರಹದ ವರ್ಷವನ್ನೂ ಹೇಳುತ್ತದೆ. ಕನ್ನಡದಲ್ಲಿ ಈಗ ಇದಕ್ಕೆ ‘ಟ್ರಾನ್ಸಿಟ್ ವಿಧಾನ’ ಎನ್ನುವುದು ವಾಡಿಕೆ. ಗ್ರಹವೊಂದು ಹೀಗೆ ಅಡ್ಡ ಹಾಯುವುದಕ್ಕೆ 1874ರಲ್ಲೇ ಇದಕ್ಕಿಂತ ಚೆಂದದ ಹೆಸರಿತ್ತು.

ಆ ಹೆಸರು ಬಂದದ್ದು ಮದರಾಸಿನ ವೀಕ್ಷಣಾಲಯದಿಂದ. ಬಳ್ಳಾರಿ, ಸಿರುಗುಪ್ಪ, ಕುರುಗೋಡು 1800ರಿಂದ 1953ರವರೆಗೆ ಮದರಾಸಿಗೆ ಸೇರಿದ್ದವು. ಹಾಗಾಗಿ ಈ ಸೀಮೆಯ ಪಾಲಿಗೆ ಸರ್ಕಾರಿ ವೀಕ್ಷಣಾಲಯವೆಂದರೆ ನುಂಗಂಬಾಕ್ಕಂನದೇ. ಪರನಕ್ಷತ್ರಗಳ ಗ್ರಹಗಳ ಕಥೆಯಲ್ಲೂ ಅದರ ಹೆಸರು ಬಲು ಬೇಗ ಬರುತ್ತದೆ: 1855ರಲ್ಲಿ ಅದರ ಮುಖ್ಯಸ್ಥ ಜೇಕಬ್, ಉರಗಧರ ರಾಶಿಯ ಜೋಡಿ ನಕ್ಷತ್ರವೊಂದರ ಚಲನೆಯಲ್ಲಿ ಏರುಪೇರು ಕಂಡು, ಗ್ರಹವೊಂದು ಕಾರಣವಿರಬೇಕು ಎಂದ. ಅದು ನಿಲ್ಲಲಿಲ್ಲ.

ನಿಂತದ್ದು ಅಲ್ಲಿನ ಸಹಾಯಕ ಚಿಂತಾಮಣಿ ರಘುನಾಥಾಚಾರಿ ಅವರ ಕೆಲಸ. 1867ರಲ್ಲಿ ಅವರು ದಕ್ಷಿಣ ದಿಗಂತದ ಹತ್ತಿರವೇ ಉಳಿಯುವ ನಕ್ಷತ್ರವೊಂದರ ಬೆಳಕು ಏರಿಳಿಯುವುದನ್ನು ಗುರುತಿಸಿದರು. ಆರ್ ರೆಟಿಕ್ಯುಲಿ ಎಂಬ ಆ ನಕ್ಷತ್ರ ತಾನೇ ಉಬ್ಬಿ ಕುಗ್ಗುವಂಥದು; ಗ್ರಹಕ್ಕೂ ಅದರ ಏರಿಳಿತಕ್ಕೂ ಸಂಬಂಧವಿಲ್ಲ. ಆದರೂ ಬೆಳಕಿನ ಲೆಕ್ಕ ಇಡುವ ಕಸುಬು ಅದೇ. ಮರುವರ್ಷ ಸಂಪೂರ್ಣ ಸೂರ್ಯಗ್ರಹಣ ನೋಡಲು ವನಪರ್ತಿಗೆ ಹೋದ ತಂಡಕ್ಕೆ ಅವರೇ ಹಿರಿಯರು. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆದರು.

1874ರ ಡಿಸೆಂಬರ್ 9ರ ಬೆಳಿಗ್ಗೆ ಶುಕ್ರ ಸೂರ್ಯಬಿಂಬವನ್ನು ಹಾಯಲಿತ್ತು. ಸೂರ್ಯನ ದೂರ ಅಳೆಯಲು ಜಗತ್ತೇ ಅಣಿಯಾಗುತ್ತಿದ್ದಾಗ, ಜನ ಅದನ್ನು ಅರಿತು ನೋಡಲೆಂದು ಆಚಾರಿ ಪುಸ್ತಿಕೆ ಬರೆದರು. ಇಂಗ್ಲಿಷಲ್ಲದೆ ಹಲವು ದೇಶಭಾಷೆಗಳಲ್ಲಿ, ಕನ್ನಡದಲ್ಲೂ, ಅದು ಬಂತು. ಕನ್ನಡದ್ದು ‘ಶುಕ್ರಗ್ರಸ್ತ ಸೂರ್ಯಗ್ರಹಣ’. ಪಂಚಾಂಗ ಓದುವವರಿಗೆ ರಾಹುಗ್ರಸ್ತ, ಕೇತುಗ್ರಸ್ತ ಗ್ರಹಣಗಳು ಹಳೆಯ ಪರಿಚಯ. ಆಚಾರಿ ರಾಹುವನ್ನು ಇಳಿಸಿ ಆ ಜಾಗದಲ್ಲಿ ಶುಕ್ರನನ್ನು ಕೂರಿಸಿದರು. ವಿವರಣೆಯೆಲ್ಲ ಆ ಒಂದು ಸಮಾಸದಲ್ಲೇ ಇದೆ. ಅಂದು ಶುಕ್ರ ನುಂಗಿದ್ದು ಸೂರ್ಯನ ಬೆಳಕಿನ ಸಾವಿರದಲ್ಲೊಂದು ಪಾಲು ಮಾತ್ರ, ಬರಿಗಣ್ಣು ಆ ಇಳಿತವನ್ನು ಅಳೆಯಲಾರದು. 1880ರಲ್ಲಿ ಆಚಾರಿ ತೀರಿಕೊಂಡರು. ಪುಸ್ತಿಕೆ ಮರೆಗೆ ಸರಿಯಿತು, ಹೆಸರೂ ಅದರೊಟ್ಟಿಗೆ ಹೋಯಿತು. ಹೊಸ ಪದ ಟಂಕಿಸುವವರು ಹಳೆಯ ಪೆಟ್ಟಿಗೆ ತೆರೆದು ನೋಡುವುದು ನಮ್ಮಲ್ಲಿ ಅಪರೂಪ.

1899ರಲ್ಲಿ ಮದರಾಸಿನ ಖಗೋಳ ಕೆಲಸ ಕೊಡೈಕನಾಲಿಗೆ ಹೋಯಿತು. ಆ ಪರಂಪರೆಯೇ 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯಾಗಿ, ಮುಂದೆ ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಯಾಯಿತು. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವ ಹೊತ್ತಿಗೆ ಸಂಸ್ಥೆಯ ಕಾವಲೂರು ದೂರದರ್ಶಕದಲ್ಲಿ ಜೆ. ಸಿ. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಕಾದಿದ್ದರು. ಗ್ರಹ ಬರುವ ಮೊದಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಕುಸಿಯಿತು. ಹೊಸ ಉಪಗ್ರಹವಿರಬೇಕೆಂದು ಅವರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ವಿಮಾನದಲ್ಲಿ ದೂರದರ್ಶಕವಿಟ್ಟು ಅದನ್ನೇ ನೋಡಿದ್ದ ಅಮೆರಿಕದ ತಂಡಕ್ಕೆ ಇಂಥ ಹಲವು ಕುಸಿತಗಳು ಸಿಕ್ಕಿದ್ದವು; ಅವು ಯುರೇನಸ್ಸಿನ ಉಂಗುರಗಳು. ಕಾವಲೂರಿನ ದಾಖಲೆಯಲ್ಲಿದ್ದದ್ದೂ ಉಂಗುರವೇ.

ಪರನಕ್ಷತ್ರದ ಮುಂದೆ ಗ್ರಹ ಹಾಯುವುದು ಮೊದಲು ಸಿಕ್ಕಿದ್ದು 1999ರಲ್ಲಿ, ಎಚ್‌ಡಿ 209458 ಎಂಬ ನಕ್ಷತ್ರದಲ್ಲಿ. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ಒಂದೂವರೆ ಲಕ್ಷ ನಕ್ಷತ್ರಗಳ ಬೆಳಕನ್ನು ಕಾದು ಎರಡೂವರೆ ಸಾವಿರಕ್ಕೂ ಹೆಚ್ಚು ಗ್ರಹಗಳನ್ನು ಕೊಟ್ಟಿತು. ಸಂಸ್ಥೆಯ ಸಂಶೋಧಕರು ಇಂಥ ಗ್ರಹಗಳ ಗಾತ್ರವನ್ನು ಇನ್ನಷ್ಟು ನಿಖರವಾಗಿ ಅಳೆದದ್ದು ಎರಡು ದೂರದರ್ಶಕಗಳಿಂದ: ಹೊಸಕೋಟೆಯಿಂದ ನಡೆಸುವ ಲಡಾಖಿನ ಹಾನ್ಲೆಯದು ಒಂದು, ಕಾವಲೂರಿನ 1.3 ಮೀಟರಿನದು ಇನ್ನೊಂದು. ಕಾವಲೂರಿನದಕ್ಕೆ ಭಟ್ಟಾಚಾರ್ಯರ ಹೆಸರಿದೆ.