‘ಇಲ್ಲ’ ಎಂದದ್ದೂ ಲೆಕ್ಕಕ್ಕೆ ಸೇರಲಿ

ಮೆಡಿಕಲ್ ಶಾಪಿನಲ್ಲಿ ಬಿಲ್ ಹಾಕಿದಾಗಲೆಲ್ಲ ಔಷಧದ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ, ಮಾರಿದ ಪ್ರಮಾಣ ಕಂಪ್ಯೂಟರಿನಲ್ಲಿ ಉಳಿಯುತ್ತವೆ. ಜಿಎಸ್‌ಟಿ ಲೆಕ್ಕ ಒಪ್ಪಿಸಿದ ಮೇಲೆ ಮರೆತುಬಿಡುವಂಥ ದಾಖಲೆಯಲ್ಲ ಇದು. ಯಾವ ಮಾತ್ರೆ ಎಷ್ಟು ತರಿಸಬೇಕು, ಯಾವಾಗ ತರಿಸಬೇಕು ಎನ್ನುವುದಕ್ಕೆ ಉತ್ತರ ಇದರಲ್ಲೇ ಇದೆ. ಅದನ್ನು ಓದುವುದೇ ಒಂದು ಕಸುಬು.

ಮೂಲ ಲೆಕ್ಕ ಸರಳ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ದಿನಕ್ಕೆ 12 ಸ್ಟ್ರಿಪ್ ಹೋಗುತ್ತದೆ, ಸ್ಟಾಕಿಸ್ಟ್‌ನಿಂದ ಮಾಲು ಬರಲು 3 ದಿನ ಬೇಕು ಎಂದಿಟ್ಟುಕೊಳ್ಳಿ. ಅಷ್ಟು ದಿನಕ್ಕೆ 36, ಹೆಚ್ಚುಕಡಿಮೆಗೆ 20. ಕಪಾಟಿನಲ್ಲಿ 56 ಉಳಿದಿರುವಾಗಲೇ ಆರ್ಡರ್ ಹೋಗಬೇಕು.

ಎಡವುವುದು ‘ದಿನಕ್ಕೆ 12’ ಎಂಬಲ್ಲೇ. ತಿಂಗಳಲ್ಲಿ 240 ಸ್ಟ್ರಿಪ್ ಮಾರಾಟವಾಗಿದ್ದರೆ ಕಂಪ್ಯೂಟರ್ 30ರಿಂದ ಭಾಗಿಸಿ 8 ಎನ್ನುತ್ತದೆ. ಆದರೆ ಅದರಲ್ಲಿ 10 ದಿನ ಸ್ಟಾಕೇ ಇರಲಿಲ್ಲವೆಂದರೆ? ಇದ್ದ 20 ದಿನಗಳಿಂದ ಭಾಗಿಸಿದಾಗ ಬರುವ 12ನ್ನೇ ನಂಬಬೇಕು. 8ನ್ನು ನಂಬಿ ತರಿಸಿದರೆ ಮುಂದಿನ ತಿಂಗಳೂ ಕೊರತೆ ಕಟ್ಟಿಟ್ಟದ್ದು. ಬರಿಗೈಯಲ್ಲಿ ಮರಳಿದ ಗಿರಾಕಿಗೆ ಬಿಲ್ ಇರುವುದಿಲ್ಲವಲ್ಲ! ಹಾಗಾಗಿ ‘ಇಲ್ಲ’ ಎಂದ ಪ್ರತಿ ಔಷಧವನ್ನೂ ಶಾರ್ಟ್ ಬುಕ್ಕಿನಲ್ಲಿ ಬರೆದಿಡುವ ಅಂಗಡಿಯ ಲೆಕ್ಕವೇ ನನ್ನ ಮಟ್ಟಿಗೆ ನಿಜವಾದ ಲೆಕ್ಕ. ದಿನ ತಪ್ಪಿಸಬಾರದ ಮಾತ್ರೆ ತಪ್ಪುವುದು ಹಾಗೆ ಬರೆದಿಡದ ಕಡೆಯೇ.

ಮಳೆಗಾಲದ ಜ್ವರಕ್ಕೆ ಪ್ಯಾರಾಸಿಟಮಾಲ್, ಓಆರ್‌ಎಸ್ ಲೆಕ್ಕ ಹಾಕುವಾಗ ವರ್ಷದ ಸರಾಸರಿ ಉಪಯೋಗಕ್ಕೆ ಬಾರದು. ಹೋದ ವರ್ಷದ ಅದೇ ತಿಂಗಳುಗಳನ್ನು ನೋಡಬೇಕು.

ಎಲ್ಲ ಸರಕಿಗೂ ಒಂದೇ ಸಮ ಗಮನ ಕೊಡಲಾಗದು. ದಾಸ್ತಾನನ್ನು ಹಣದ ತೂಕದ ಮೇಲೆ ಎ, ಬಿ, ಸಿ ಎಂದು ವಿಂಗಡಿಸುವ ಕ್ರಮವನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಚ್. ಫೋರ್ಡ್ ಡಿಕಿ 1951ರಲ್ಲಿ ಬರೆದು ಪರಿಚಯಿಸಿದರು. ಬಂಡವಾಳ ಹೆಚ್ಚು ತಿನ್ನುವ ಕೆಲವೇ ಸರಕಿನ ಮೇಲೆ ಹೆಚ್ಚು ಕಣ್ಣಿಡು ಎನ್ನುವ ಲೆಕ್ಕ ಅದು. ಔಷಧಕ್ಕೆ ಅದೊಂದೇ ಸಾಲದು. ಪ್ರಾಣ ಉಳಿಸುವಂಥದ್ದು, ಅಗತ್ಯವಾದದ್ದು, ಇದ್ದರೆ ಒಳ್ಳೆಯದು ಎಂಬ ಇನ್ನೊಂದು ವಿಂಗಡಣೆಯನ್ನು ಆಸ್ಪತ್ರೆಗಳ ಔಷಧ ವಿಭಾಗಗಳು ಅದರ ಜೊತೆ ಸೇರಿಸಿಕೊಳ್ಳುತ್ತವೆ.

ಹಾವಿನ ವಿಷಕ್ಕೆ ಕೊಡುವ ಪ್ರತಿವಿಷವನ್ನೇ ನೋಡಿ. ಸಣ್ಣ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಒಂದು ವಯಲ್ ಕೂಡ ಖರ್ಚಾಗದಿರಬಹುದು. ಬಂದ ರೋಗಿಗೆ ಮೊದಲ ಡೋಸಿಗೇ 8ರಿಂದ 10 ವಯಲ್ ಬೇಕು. ಇಲ್ಲಿ ಖರ್ಚಿನ ಸರಾಸರಿ ಬದಿಗಿರಲಿ. ಒಬ್ಬ ರೋಗಿಗೆ ಸಾಲುವಷ್ಟಾದರೂ ಸದಾ ಇರಬೇಕು. ಅವಧಿ ಮುಗಿಯಲು ಕೆಲವು ತಿಂಗಳಿರುವಾಗಲೇ ಪಟ್ಟಿ ತೆಗೆದು, ಆ ವಯಲ್‌ಗಳನ್ನು ಹೆಚ್ಚು ಬಳಕೆಯಿರುವ ದೊಡ್ಡಾಸ್ಪತ್ರೆಗೆ ಕಳಿಸಿ, ಹೊಸ ಬ್ಯಾಚ್ ತರಿಸಿಕೊಳ್ಳಬೇಕು.