ಮೇಲಂತಸ್ತಿನ ಬಿಸಿಯೂ ವಿದ್ಯುತ್ ರಿಯಾಯಿತಿಯೂ

ದೇಶ ವಿಭಜನೆಯ ನಂತರ ನಿರಾಶ್ರಿತರಾಗಿ ಬಂದ ಕುಟುಂಬಗಳಿಗಾಗಿ ದೆಹಲಿಯಲ್ಲಿ ರೂಪುಗೊಂಡ ಬಡಾವಣೆಗಳಲ್ಲಿ ಓಲ್ಡ್ ರಾಜಿಂದರ್ ನಗರವೂ ಒಂದು. ಕರೋಲ್ ಬಾಗ್‌ಗೆ ಸಮೀಪದಲ್ಲಿರುವ ಈ ಬಡಾವಣೆಯ ಚಿಕ್ಕ ನಿವೇಶನಗಳಲ್ಲಿ ಮೊದಲಿದ್ದ ತಗ್ಗು ಮನೆಗಳ ಸ್ಥಾನದಲ್ಲಿ ಈಗ ಬಹುಮಟ್ಟಿಗೆ ಮೂರು, ನಾಲ್ಕು ಅಂತಸ್ತುಗಳ ಕಟ್ಟಡಗಳಿವೆ. ಅಕ್ಕಪಕ್ಕದ ಗೋಡೆಗಳು ಒಂದನ್ನೊಂದು ತಾಗಿ ನಿಂತಿರುವುದರಿಂದ ಇವುಗಳೊಳಗೆ ಬೇಸಿಗೆಯ ಬಿಸಿ ಇಳಿಯುವುದು ಮುಖ್ಯವಾಗಿ ಛಾವಣಿಯ ಮೂಲಕ. ಆ ಭಾರವನ್ನು ಹೊರುವವರು ಮೇಲಂತಸ್ತಿನ ನಿವಾಸಿಗಳು. ನಾಗರಿಕ ಸೇವಾ ಪರೀಕ್ಷೆಗೆ ಸಿದ್ಧರಾಗಲು ಕರ್ನಾಟಕದಿಂದ ಬಂದು ಇಲ್ಲಿ ಬಾಡಿಗೆಗಿರುವ ವಿದ್ಯಾರ್ಥಿಗಳೂ ಅವರಲ್ಲಿ ಸೇರಿದ್ದಾರೆ.

ಕಾಂಕ್ರೀಟ್ ಛಾವಣಿಯು ಹಗಲಿಡೀ ಬಿಸಿಲನ್ನು ಹೀರಿ, ಸಂಜೆಯ ನಂತರ ಅದನ್ನು ಕೋಣೆಯೊಳಕ್ಕೆ ಬಿಡುತ್ತದೆ. ಹೊರಗಿನ ಗಾಳಿ ತಂಪಾದ ಮೇಲೂ ಮೇಲಂತಸ್ತಿನಲ್ಲಿ ನಿದ್ರೆ ಬಾರದಿರುವುದಕ್ಕೆ ಕಾರಣ ಇದೇ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ರೂಪಿಸಿ, 2018ರ ಡಿಸೆಂಬರ್‌ನಲ್ಲಿ ಪ್ರಕಟವಾದ ‘ಇಕೋ ನಿವಾಸ್ ಸಂಹಿತೆ’ಯು ಛಾವಣಿಯ ಮೂಲಕ ಹಾಯುವ ಉಷ್ಣಕ್ಕೆ ಒಂದು ಮಿತಿಯನ್ನು ಸೂಚಿಸಿತು: ಒಳಹೊರಗಿನ ಉಷ್ಣತೆಯಲ್ಲಿ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚದರ ಮೀಟರಿಗೆ 1.2 ವ್ಯಾಟ್. ಯಾವ ಹೊದಿಕೆಯೂ ಇಲ್ಲದ ಆರಂಗುಲದ ಕಾಂಕ್ರೀಟ್ ಛಾವಣಿಯಲ್ಲಿ ಈ ಪ್ರಮಾಣ ಸುಮಾರು 3 ವ್ಯಾಟ್. ಆದರೆ ಆ ಸಂಹಿತೆಯನ್ನು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗಾಗಿ ಬರೆಯಲಾಗಿತ್ತು. ಇಂತಹ ಹಳೆಯ ಬಡಾವಣೆಯ ಚಿಕ್ಕ ಮನೆಗಳಲ್ಲಿ ಉಷ್ಣರಕ್ಷಣೆಯು ಮಾಲೀಕರ ವಿವೇಚನೆಗೇ ಉಳಿಯುತ್ತದೆ.

ಉಪಾಯಗಳಲ್ಲಿ ಅತ್ಯಂತ ಅಗ್ಗವಾದುದು ಛಾವಣಿಗೆ ಬಿಳಿ ಬಳಿಯುವುದು. ಸುಣ್ಣವಾದರೂ ಆದೀತು, ಬಿಸಿಲನ್ನು ಪ್ರತಿಫಲಿಸುವ ವಿಶೇಷ ಬಣ್ಣವಾದರೆ ಹೆಚ್ಚು ಬಾಳುತ್ತದೆ. ಆದರೆ ಧೂಳಿನ ಊರಾದ ದೆಹಲಿಯಲ್ಲಿ ಬಿಳುಪು ಬೇಗನೆ ಮಾಸುವುದರಿಂದ ಆಗಾಗ ತೊಳೆಯಬೇಕು. ಒಡೆದ ಬಿಳಿ ಪಿಂಗಾಣಿ ಹೆಂಚುಗಳನ್ನು ಹಾಸುವುದು ಇನ್ನೊಂದು ವಿಧಾನ. ಇವು ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತವೆಯೇ ಹೊರತು ಉಷ್ಣದ ಹಾದಿಯನ್ನು ತಡೆಯುವುದಿಲ್ಲ. ತಡೆಗೆ ಪದರವೇ ಬೇಕು. ಉತ್ತರ ಭಾರತದಲ್ಲಿ ಹಿಂದಿನಿಂದ ಬಳಕೆಯಲ್ಲಿರುವ ‘ಮಡ್ ಫುಸ್ಕಾ’ ಪದ್ಧತಿಯಲ್ಲಿ, ಹುಲ್ಲು ಬೆರೆಸಿದ ಮಣ್ಣನ್ನು ಛಾವಣಿಯ ಮೇಲೆ ಹರಡಿ, ದಮ್ಮಸು ಮಾಡಿ, ಅದರ ಮೇಲೆ ಇಟ್ಟಿಗೆಯ ಬಿಲ್ಲೆಗಳನ್ನು ಜೋಡಿಸುತ್ತಾರೆ. ಬಯಲುಸೀಮೆಯ ಮಣ್ಣಿನ ಮಾಳಿಗೆಯನ್ನು ಕಂಡವರಿಗೆ ಇದರ ಗುಣವನ್ನು ವಿವರಿಸಬೇಕಾಗಿಲ್ಲ. ಇದರ ತೂಕ ಮಾತ್ರ ಹೆಚ್ಚು. ಅಂತಸ್ತಿನ ಮೇಲೆ ಅಂತಸ್ತು ಏರಿಸಿದ ಕಟ್ಟಡಗಳಲ್ಲಿ ಎಂಜಿನಿಯರರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಅಂತಹ ಕಡೆ ಹಗುರವಾದ ಪಾಲಿಸ್ಟೈರೀನ್ ಹಲಗೆ ಅಥವಾ ಪಾಲಿಯುರಿಥೇನ್ ನೊರೆ ಸೂಕ್ತ. ಯಾವುದನ್ನೇ ಬಳಸಿದರೂ ಮೊದಲು ಸೋರಿಕೆಯನ್ನು ನಿಲ್ಲಿಸಿ, ನೀರು ಹರಿಯಲು ಇಳಿಜಾರನ್ನು ಸರಿಪಡಿಸಬೇಕು. ನೆನೆದ ಪದರವು ಉಷ್ಣವನ್ನು ತಡೆಯಲಾರದು.

ರಿಯಾಯಿತಿಗಳ ವಿಷಯದಲ್ಲಿ ಅನೇಕರು ಎಡವುವುದುಂಟು. ಜಾಹೀರಾತುಗಳಲ್ಲಿ ಕಾಣುವ ಕೊಡುಗೆಗಳು ಬಹುಪಾಲು ಯಂತ್ರಗಳಿಗೆ ಸಂಬಂಧಿಸಿದವು. ದೆಹಲಿಯ ವಿದ್ಯುತ್ ವಿತರಣಾ ಕಂಪನಿಗಳು ಹಳೆಯ ಹವಾನಿಯಂತ್ರಕವನ್ನು ಮರಳಿಸಿದವರಿಗೆ ಹೆಚ್ಚಿನ ತಾರಾ ದರ್ಜೆಯ ಹೊಸದನ್ನು ರಿಯಾಯಿತಿ ಬೆಲೆಗೆ ಕೊಡಿಸುವ ಯೋಜನೆಗಳನ್ನು ಕಾಲಕಾಲಕ್ಕೆ ನಡೆಸಿವೆ. ಇವು ಉಪಯುಕ್ತವೇ ಸರಿ. ಆದರೆ ಛಾವಣಿ ಕಾದಿದ್ದರೆ ಐದು ತಾರೆಗಳ ಯಂತ್ರವೂ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ. ಛಾವಣಿಯನ್ನು ಮೊದಲು ಸರಿಪಡಿಸಿದರೆ ಒಂದೂವರೆ ಟನ್ನಿನ ಬದಲು ಒಂದು ಟನ್ನಿನ ಯಂತ್ರವೇ ಸಾಕಾಗಬಹುದು. ಖರೀದಿಸುವಾಗ ಪಟ್ಟಿಯ ಮೇಲೆ ನಮೂದಿಸಿರುವ ವಾರ್ಷಿಕ ಯೂನಿಟ್‌ಗಳನ್ನು ಗಮನಿಸಬೇಕು. ಆ ಅಂಕಿಯು ವರ್ಷಕ್ಕೆ 1,600 ಗಂಟೆಗಳ ಬಳಕೆಯನ್ನು ಆಧರಿಸಿದೆ.

ಮಾಸಿಕ ಬಿಲ್ಲಿನ ಲೆಕ್ಕವೂ ಇದಕ್ಕೆ ತಳುಕು ಹಾಕಿಕೊಂಡಿದೆ. ದೆಹಲಿ ಸರ್ಕಾರವು 2019ರ ಆಗಸ್ಟ್‌ನಲ್ಲಿ ಜಾರಿಗೆ ತಂದ ಸಹಾಯಧನದ ಕ್ರಮದಲ್ಲಿ, ತಿಂಗಳಿಗೆ 200 ಯೂನಿಟ್‌ವರೆಗೆ ಗೃಹಬಳಕೆ ಉಚಿತ. 201ರಿಂದ 400ರವರೆಗೆ ಬಿಲ್ಲಿನ ಅರ್ಧ, ಗರಿಷ್ಠ 800 ರೂಪಾಯಿವರೆಗೆ, ಸಹಾಯಧನವಾಗಿ ದೊರೆಯುತ್ತದೆ. 400 ದಾಟಿದರೆ ಏನೂ ಇಲ್ಲ. 2022ರ ಅಕ್ಟೋಬರ್‌ನಿಂದ ಅರ್ಜಿ ಸಲ್ಲಿಸಿದವರಿಗೆ ಮಾತ್ರ ಈ ಸೌಲಭ್ಯವನ್ನು ಸೀಮಿತಗೊಳಿಸಲಾಯಿತು. ಆದ್ದರಿಂದ ಜೂನ್ ತಿಂಗಳಲ್ಲಿ 420 ಯೂನಿಟ್ ಬಳಸುತ್ತಿದ್ದ ಮನೆಯು ಛಾವಣಿಗೆ ಬಿಳಿ ಬಳಿದು 390ಕ್ಕೆ ಇಳಿದರೆ, ಉಳಿಯುವುದು ಮೂವತ್ತು ಯೂನಿಟ್‌ಗಳ ಬೆಲೆಯಷ್ಟೇ ಅಲ್ಲ.

ಬಾಡಿಗೆದಾರರ ಸ್ಥಿತಿ ಬೇರೆ. ಛಾವಣಿಯ ಖರ್ಚು ಮಾಲೀಕರದು, ಬಿಲ್ಲು ಬಾಡಿಗೆದಾರರದು. ಹೀಗಿರುವಾಗ ಮಾಲೀಕರಿಗೆ ಅವಸರವೇನೂ ಇರುವುದಿಲ್ಲ. ಇಡೀ ಮನೆಗೆ ಒಂದೇ ಮೀಟರ್ ಇದ್ದರೆ ಹಲವು ಕೋಣೆಗಳ ಬಳಕೆ ಒಟ್ಟುಗೂಡಿ ಮಿತಿಯನ್ನು ಸುಲಭವಾಗಿ ಮೀರುತ್ತದೆ. ಬಾಡಿಗೆದಾರರೂ ತಮ್ಮ ಹೆಸರಿನಲ್ಲಿ ಪ್ರೀಪೇಯ್ಡ್ ಮೀಟರ್ ಪಡೆದು ಸಹಾಯಧನದ ಲಾಭ ಹೊಂದುವ ಯೋಜನೆಯನ್ನು ದೆಹಲಿ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ್ದು ಈ ತೊಡಕಿನ ಕಾರಣದಿಂದಲೇ. ಮನೆ ಹಿಡಿಯುವ ಮೊದಲೇ ಮೀಟರ್ ಯಾರ ಹೆಸರಿನಲ್ಲಿದೆ, ಯೂನಿಟ್‌ಗೆ ಎಷ್ಟು ದರ ಎಂಬುದನ್ನು ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು.

ಸ್ವಂತ ಛಾವಣಿ ಇರುವವರಿಗೆ 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯೂ ಇದೆ. ಅದರಲ್ಲಿ ಎರಡು ಕಿಲೋವ್ಯಾಟ್‌ಗೆ 60,000 ರೂಪಾಯಿ, ಮೂರು ಮತ್ತು ಅದಕ್ಕೂ ಹೆಚ್ಚಿನ ಕಿಲೋವ್ಯಾಟ್‌ಗೆ 78,000 ರೂಪಾಯಿ ಕೇಂದ್ರ ಸಹಾಯಧನವನ್ನು ನಿಗದಿಪಡಿಸಲಾಯಿತು. ಸೌರ ಫಲಕಗಳು ವಿದ್ಯುತ್ತಿನ ಜೊತೆಗೆ ನೆರಳನ್ನೂ ಕೊಡುತ್ತವೆ. ಅಂತಸ್ತಿಗೊಬ್ಬ ಮಾಲೀಕರಿರುವ ಕಟ್ಟಡದಲ್ಲಿ ಛಾವಣಿಯ ಹಕ್ಕು ಯಾರದೆಂಬುದನ್ನು ಮೊದಲು ಕ್ರಯಪತ್ರದಲ್ಲಿ ನೋಡಿಕೊಳ್ಳಬೇಕು. ಮುಂಗಾರು ಸಾಮಾನ್ಯವಾಗಿ ಜೂನ್ ಕೊನೆಯ ವೇಳೆಗೆ ದೆಹಲಿಯನ್ನು ತಲುಪುವುದರಿಂದ ಸೋರಿಕೆ ತಡೆ, ಪದರ, ಬಣ್ಣ, ಈ ಕೆಲಸಗಳನ್ನೆಲ್ಲ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ, ಛಾವಣಿ ಒಣಗಿರುವಾಗಲೇ ಮುಗಿಸುವುದು ಉತ್ತಮ.